ತಾಹೋ ಸರೋವರದ ಮೀನು ದೋಣಿ: ಮೂಡಿಗೆರೆಯಿಂದ ಹೋಗಿ ಬಂದವಳ ಅನುಭವ

ನಮ್ಮ ಮೂಡಿಗೆರೆ ಕಡೆಯಿಂದ ಮಕ್ಕಳ ಮನೆಗೆ ಅಂತ ಕ್ಯಾಲಿಫೋರ್ನಿಯಾಗೆ ಹೋಗುವವರು ಈಗ ಜಾಸ್ತಿ. ಗಾಳ ಹಿಡಿದು ಗೊತ್ತಿರುವವರು ಹೋದರೆ ಒಂದು ಬೆಳಗ್ಗೆಯನ್ನು ತಾಹೋ ಸರೋವರಕ್ಕೆ ಎತ್ತಿಡಿ. ಕಳೆದ ಜುಲೈನಲ್ಲಿ ಮಗಳು ಅಲ್ಲಿನ ಒಂದು ಮೀನು ದೋಣಿಯಲ್ಲಿ ನಮ್ಮಿಬ್ಬರಿಗೂ ಅರ್ಧ ದಿನಕ್ಕೆ ಜಾಗ ಬುಕ್ ಮಾಡಿದ್ದಳು.

ಬೆಳಗಿನ ಐದೂವರೆಗೆ ದೋಣಿ ಹೊರಟಿತು. ಬೇಸಿಗೆ ಅಂತ ತೆಳು ಸೀರೆ ಉಟ್ಟು ಹೋಗಬೇಡಿ. ಆ ಸರೋವರದ ನೀರೇ ಸಮುದ್ರ ಮಟ್ಟದಿಂದ 1,897 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪವೇ ಕಮ್ಮಿ. ಸ್ವೆಟರ್ ಮೇಲೆ ಶಾಲು ಹೊದ್ದರೂ ಕೈ ಮರಗಟ್ಟಿತ್ತು.

ನಾನು ಹೇಮಾವತಿ ದಂಡೆಯಲ್ಲಿ ಬೆಳೆದವಳು. ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ನೋಡುತ್ತಾ ಅಪ್ಪನ ಪಕ್ಕ ಕೂರುತ್ತಿದ್ದೆ. ಈ ದೋಣಿಯಲ್ಲಿ ಮಾಡುವ ಟ್ರೋಲಿಂಗ್ ಅಂದರೆ ಅದಲ್ಲ. ದೋಣಿ ಹೋಗುತ್ತಲೇ ಇರುತ್ತದೆ, ಗಾಳ ಹಿಂದೆ ಬರುತ್ತದೆ. ವೇಗ ಗಂಟೆಗೆ ಎರಡು ಕಿಲೋಮೀಟರ್ ಅಷ್ಟೇ. ಕಣದಲ್ಲಿ ಕಾಫಿ ಕೈಯಾಡಿಸುತ್ತಾ ನಡೆಯುವ ನಡಿಗೆ.

ಬಿಸಿಲು ಕಾಲದಲ್ಲಿ ಮೇಲಿನ ನೀರು ಬೆಚ್ಚಗಾಗುತ್ತದೆ. ಅಲ್ಲಿ ಹಿಡಿಯುವ ಸಾಲ್ಮನ್, ಟ್ರೌಟ್ ಮೀನು ಎರಡಕ್ಕೂ ತಣ್ಣನೆ ನೀರೇ ಬೇಕು, ಹಾಗಾಗಿ ಕೆಳಗಿಳಿಯುತ್ತವೆ. ತಾಹೋ ಬರೋಬ್ಬರಿ 501 ಮೀಟರ್ ಆಳ. ಅಲ್ಲಿ ಮೀನು ಯಾವ ಪದರದಲ್ಲಿದೆ ಅಂತ ಹುಡುಕುವುದೇ ಅರ್ಧ ಕೆಲಸ. ಅದಕ್ಕೆ ಡೌನ್‌ರಿಗ್ಗರ್ ಅನ್ನುವ ರಾಟೆ ಇದೆ. ಅದರ ತಂತಿಯ ತುದಿಗೆ ನಾಲ್ಕೈದು ಕೆಜಿಯ ಸೀಸದ ಗುಂಡು. ನಮ್ಮ ಗಾಳದ ದಾರವನ್ನು ಆ ತಂತಿಗೆ ಒಂದು ಕ್ಲಿಪ್ಪಿನಲ್ಲಿ ಕಚ್ಚಿಸಿ ಇಳಿಸುತ್ತಾರೆ. ಗಾಳದ ಮುಂದೆ ಓಲಾಡುತ್ತಾ ಮಿನುಗುವ ತಗಡು, ಹಿಂದೆ ಗುಲಾಬಿ ಬಣ್ಣದ ಪುಟ್ಟ ಗೊಂಚಲು, ಕೊಕ್ಕೆಗೆ ಒಂದು ಬಿಳಿ ಮೆಕ್ಕೆಜೋಳದ ಕಾಳು. ಮೊದಲು 60 ಅಡಿಗೆ ಬಿಟ್ಟರು. ಬಿಸಿಲು ಏರಿದ ಹಾಗೆ ಗುಂಡನ್ನೂ ಇಳಿಸುತ್ತಾ ಹೋದರು. ನೀರು ಅಷ್ಟು ತಿಳಿ, ಬೆಳಕು ಕೆಳಗೆ ಹೋದಷ್ಟೂ ಮೀನೂ ಹೋಗುತ್ತದೆ.

ಮೀನು ಕಚ್ಚಿದಾಗ ಕೋಲು ಬಾಗುತ್ತದೆ ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ. ದಾರದ ಬಿಗಿಗೆ ಬಾಗಿಯೇ ನಿಂತ ಕೋಲು, ಕ್ಲಿಪ್ಪು ಬಿಟ್ಟ ತಕ್ಷಣ ಚಟ್ ಅಂತ ನೆಟ್ಟಗಾಯಿತು. ನನ್ನ ಎದೆಯೂ ಹಾಗೇ ಹಾರಿತು. ಕೊಕನೀ ಸಾಲ್ಮನ್ನಿನ ಬಾಯಿ ತುಂಬಾ ಮೆದು. ಜಗ್ಗಿದರೆ ಹರಿದುಕೊಂಡು ಹೋಗುತ್ತದೆ. ನಮ್ಮ ಕೊರವ ಮೀನನ್ನು ಎಳೆದ ಹಾಗೆ ಎಳೆದು ಮೊದಲನೆಯದನ್ನು ಕಳೆದುಕೊಂಡೆ. ಆಮೇಲೆ ಮೂರು ಬಂದವು, ಒಂದೊಂದೂ ಒಂದಡಿ ಉದ್ದ. ಕೊನೆಗೆ ಇನ್ನೂ ಆಳದಲ್ಲಿ ಮಗಳಿಗೆ ಒಂದು ಮ್ಯಾಕಿನಾ ಟ್ರೌಟ್. ಅದನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ.

ಬೇಜಾರಾಗಿದ್ದು ಒಂದಕ್ಕೆ. ಮೊದಲ ಎರಡು ಗಂಟೆ ಎಲ್ಲವನ್ನೂ ದೋಣಿಯವರೇ ಮಾಡಿದರು. ದಾರ ಬಿಡುವುದು ಅವರು, ಆಳ ನೋಡುವುದು ಅವರು. ಸುತ್ತುವುದಷ್ಟೇ ನಮ್ಮ ಪಾಲು. ಗಾಳ ಹಾಕದೆ ಮೀನು ಹಿಡಿದೆ ಅನ್ನುವುದು ಹೇಗೆ, ಅಲ್ವಾ? ಮಗಳ ಕೈಲಿ ಹೇಳಿಸಿದ ಮೇಲೆ ಬಿಟ್ಟುಕೊಟ್ಟರು, ತಾಳ್ಮೆಯಿಂದ ಕಲಿಸಿದರು ಕೂಡ. ಹತ್ತಿದ ಕೂಡಲೇ ಕೇಳಿಬಿಡಿ. ಲೈಸೆನ್ಸ್ ದುಡ್ಡು ಬೇರೆ, ಟಿಪ್ಸ್ ಬೇರೆ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೀನು ಸ್ವಚ್ಛ ಮಾಡಿ ಐಸಿನಲ್ಲಿ ಕಟ್ಟಿಕೊಟ್ಟರು, ಅದು ಮಾತ್ರ ಬಹಳ ಅಚ್ಚುಕಟ್ಟು.

ಕೊಕನೀ ಮಾಂಸ ಕಡು ಕೇಸರಿ, ಎಣ್ಣೆಯಂಶ ಜಾಸ್ತಿ. ಹುಣಸೆ ಹುಳಿಯ ಸಾರಿಗೆ ಹಾಕಿದೆ, ಪುಡಿಪುಡಿಯಾಯಿತು. ಉಳಿದದ್ದಕ್ಕೆ ಉಪ್ಪು, ಕಾಳುಮೆಣಸು ಸವರಿ ಕಾವಲಿ ಮೇಲೆ ಬೇಯಿಸಿದೆ. ಅಕ್ಕಿರೊಟ್ಟಿ ಜೊತೆ ಅದರಷ್ಟು ರುಚಿಯಾದ ಮೀನು ನಾನು ತಿಂದಿಲ್ಲ.

ಈ ಕೊಕನೀ ತಾಹೋದ ಮೂಲದ್ದಲ್ಲ. 1944ರಲ್ಲಿ ಮರಿ ಸಾಕುವ ಕೊಳದಿಂದ ತಪ್ಪಿಸಿಕೊಂಡು ಸರೋವರ ಸೇರಿದ ಮರಿಗಳ ಸಂತತಿ. ಈಗ ಶರತ್ಕಾಲ ಬಂದರೆ ಮೈಯೆಲ್ಲ ಕೆಂಪಾಗಿ, ಟೇಲರ್ ಕ್ರೀಕ್ ಅನ್ನುವ ಹಳ್ಳ ಹತ್ತಿ ಮೊಟ್ಟೆಯಿಟ್ಟು ಸಾಯುತ್ತವೆ. ದೋಣಿಯವರು ಇದನ್ನು ಹೇಳುವಾಗ ನನಗೆ ಮೊದಲ ಮಳೆಗೆ ಹೊಳೆಯಿಂದ ನಮ್ಮ ಗದ್ದೆಗೆ ಏರಿ ಬರುವ ಹತ್ತುಮೀನೇ ಕಣ್ಣ ಮುಂದೆ ಬಂತು. ಮುಂದಿನ ಸಲ ಟಿಕೆಟ್ ಅಕ್ಟೋಬರಿಗೇ ಮಾಡಿಸು ಅಂತ ಮಗಳಿಗೆ ಹೇಳಿಯಾಗಿದೆ.