ಕರ್ಮಲಿ ಸ್ಟೇಷನ್ನಿನಲ್ಲಿ ಕೊಂಕಣಿ ಮಾತಾಡಿದ್ದಕ್ಕೆ ಸಾವಿರ ರೂಪಾಯಿ ದಂಡ

ಓಲ್ಡ್ ಗೋವಾಕ್ಕೆ ಹೋಗುವವರು ದಯವಿಟ್ಟು ಓದಿ. ಅಲ್ಲಿ ಚರ್ಚ್ ನೋಡಲು ಪಾಸ್ ಬೇಡ. ಬೇಡವೇ ಬೇಡ. ನಾನು ಐದು ಪಾಸ್ ತಗೊಂಡೆ. ನಾಲ್ಕು ಇನ್ನೂ ಜೇಬಿನಲ್ಲಿವೆ.

ಶಿರಸಿಯಿಂದ ಅಕ್ಕ, ಭಾವ, ಅವರ ಮಗಳು ಬಂದಿದ್ದರು. 'ಗೋವಾ ಅಂದ್ರೆ ಕಾರವಾರದವರ ಹಿತ್ತಲು, ಬನ್ನಿ ತೋರಿಸ್ತೇನೆ' ಎಂದವನು ನಾನೇ. ಹೆಂಡತಿಯೂ ಹೊರಟಳು. ಶನಿವಾರ ರೈಲು ಹತ್ತಿ ಓಲ್ಡ್ ಗೋವಾ ಹತ್ತಿರದ ಕರ್ಮಲಿಯಲ್ಲಿ ಇಳಿದೆವು.

ಹೊರಗೆ ಟ್ಯಾಕ್ಸಿಯವನಿಗೆ ಕೊಂಕಣಿಯಲ್ಲೇ ರೇಟು ಕೇಳಿದೆ. ಇಪ್ಪತ್ತು ವರ್ಷ ಕಾರವಾರದಲ್ಲಿದ್ದು ಕಲಿತ ಕೊಂಕಣಿ, ಭಾವನೆದುರು ತೋರಿಸಬೇಡವಾ? 'ಕಾರವಾರದವರಾ! ಹಾಗಾದ್ರೆ ನಮ್ಮವರೇ' ಎಂದು ಅಕ್ಕನ ಬ್ಯಾಗನ್ನು ತಾನೇ ಎತ್ತಿಟ್ಟ. ಎರಡು-ಮೂರು ಕಿಲೋಮೀಟರಿಗೆ 500. ಅದು ಹೋಗಲಿ. ದಾರಿಯಲ್ಲಿ ಶುರುಮಾಡಿದ. 'ಯುನೆಸ್ಕೋ ಜಾಗ ಅಲ್ವಾ, ಪಾಸ್ ಬೇಕು. ತಲೆಗೆ 200. ನಾನೇ ಮಾಡಿಸಿಕೊಡ್ತೇನೆ.' ಯುನೆಸ್ಕೋ ಪಟ್ಟಿಗೆ ಸೇರಿದ್ದು 1986ರಲ್ಲಿ ಎಂದು ಭಾವನಿಗೆ ವಿವರಿಸುತ್ತಲೇ ಸಾವಿರ ಎಣಿಸಿ ಕೊಟ್ಟೆ. ಒಂದು ಅಂಗಡಿಯೊಳಗೆ ಹೋದ, ಐದು ನಿಮಿಷಕ್ಕೆ ಚೀಟಿ ತಂದ.

ಬಾಂ ಜೀಸಸ್ ಬೆಸಿಲಿಕಾದ ಬಾಗಿಲಲ್ಲಿ ಐದನ್ನೂ ಮುಂದೆ ಹಿಡಿದೆ. ಅಲ್ಲಿ ನಿಂತಿದ್ದವನು ತಿರುಗಿಸಿ ತಿರುಗಿಸಿ ನೋಡಿದ. 'ಇದೇನು? ಇಲ್ಲಿ ಫ್ರೀ.' ಹಿಂದೆ ಜನ ಕಾಯುತ್ತಿದ್ದರು. ಭಾವ ಚೀಟಿ ಇಸಕೊಂಡು ಕನ್ನಡಕ ಏರಿಸಿದರು. 'ಐದ್ರಲ್ಲೂ ಒಂದೇ ನಂಬರ್ ಇದ್ದಲಾ ಭಾವ?'

ಹೌದು. ಐದರಲ್ಲೂ 147. ಸೀಲಿನ ನೇರಳೆ ಶಾಯಿ ಸಹ ಒಣಗಿರಲಿಲ್ಲ, ನನ್ನ ಹೆಬ್ಬೆರಳಿಗೆ ಮೆತ್ತಿತ್ತು.

1605ರ ಚರ್ಚು. ಗಾರೆಯಿಲ್ಲದ ಕೆಂಪು ಚಿರೆಕಲ್ಲು, ಥೇಟ್ ನಮ್ಮ ಕಡೆಯದೇ. ಒಳಗೆ ಬೆಳ್ಳಿ ಪೆಟ್ಟಿಗೆಯಲ್ಲಿ ಫ್ರಾನ್ಸಿಸ್ ಝೇವಿಯರ್ ದೇಹ, ಸತ್ತದ್ದು 1552ರಲ್ಲಿ. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಹೆಬ್ಬೆರಳು ಉಜ್ಜುತ್ತಾ ನಿಂತಿದ್ದೆ.

ಹೊರಗೆ ಬಂದು ಕೇಳಿದರೆ ಟ್ಯಾಕ್ಸಿಯವನಿಗೆ ನಾಚಿಕೆಯೇ ಇಲ್ಲ. 'ಅದು ಪಾಸಲ್ಲ ಸರ್, ಗೈಡ್ ಚಾರ್ಜು.' ಏನು ಗೈಡ್ ಮಾಡಿದೆ ಮಾರಾಯಾ? 'ಗೋಪುರ ತೋರಿಸಿದೆನಲ್ಲ.' ಸೇಂಟ್ ಅಗಸ್ಟೀನ್ ಗೋಪುರವಂತೆ! ಸುಮಾರು 46 ಮೀಟರ್ ಎತ್ತರದ ಪಾಳು ಗೋಪುರ, ಅದನ್ನು ಕಾಣಲು ಗೈಡ್ ಬೇಕಾ? ನಾನು ದನಿ ಏರಿಸಿದಾಗ, 'ಈಗ ಕ್ಯಾಶ್ ಇಲ್ಲ, ಸಂಜೆ ಗೂಗಲ್ ಪೇ ಮಾಡ್ತೇನೆ' ಎಂದು ನಂಬರ್ ಕೊಟ್ಟ. ಅದನ್ನೂ ನಂಬಿದೆ. ಎರಡನೇ ಸಲ!

ಸಂಜೆ ಫೋನ್ ಮಾಡಿ ಕೊಂಕಣಿಯಲ್ಲಿ ಮಾತು ತೆಗೆದೆ. 'ಕೌನ್? ಕೊಂಕಣಿ ನಹೀ ಆತೀ.' ಕಟ್. ಬೆಳಿಗ್ಗೆ ನಮ್ಮವನಾಗಿದ್ದವನಿಗೆ ಸಂಜೆಗೆ ಕೊಂಕಣಿಯೇ ಬಾರದು! ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಪಣಜಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹತ್ತೇ ಕಿಲೋಮೀಟರ್, ಲೋಕಲ್ ಬಸ್ ಸಿಗುತ್ತದೆ. ಬಾಗಿಲಿಗೆ ಹೋಗುವ ಮುಂಚೆ ಯಾರಿಗೂ ದುಡ್ಡು ಕೊಡಬೇಡಿ. 'ನಮ್ಮವರೇ' ಎಂದವನಿಗೆ ಬ್ಯಾಗನ್ನೂ ಕೊಡಬೇಡಿ.

ಐದನೇ ಚೀಟಿ ಭಾವನ ಹತ್ತಿರ ಇದೆ. ನೆನಪಿಗೆ ಇರಲಿ ಎಂದು ಶಿರಸಿಗೆ ಒಯ್ದಿದ್ದಾರೆ.