ಘಟ್ಟದ ಬುಡದ ಅಬ್ಬಿಗೆ ಹೊರಡುವ ಮುನ್ನ ದಾರಿಯ ತೋಡನ್ನು ವಿಚಾರಿಸಿಕೊಳ್ಳಿ

ಉಡುಪಿ, ಮಂಗಳೂರು ಕಡೆಯಿಂದ ಒಂದು ದಿನದ ಚಾರಣಕ್ಕೆಂದು ಜಲಪಾತಗಳಿಗೆ ಹೊರಡುವವರು, ಅದರಲ್ಲೂ ಮಕ್ಕಳನ್ನು ಜೊತೆಗೆ ಕರೆದೊಯ್ಯುವವರು, ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಹೆಬ್ರಿಯಿಂದ ಮೇಲೆ, ಆಗುಂಬೆ ಘಟ್ಟದ ಬುಡದ ಕಾಡಿನೊಳಗಿರುವ ಒಂದು ಅಬ್ಬಿಗೆ ಕಳೆದ ಅಕ್ಟೋಬರಿನಲ್ಲಿ ಹೋಗಿದ್ದ ನಮ್ಮ ಗುಂಪು ಜೀವಸಹಿತ ಮರಳಿದ್ದು ಆಯೋಜಕರಿಂದಲ್ಲ, ಊರಿನ ಹಿರಿಯರೊಬ್ಬರಿಂದ. ಆ ಸ್ಥಳದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ತಿಳಿದರೆ ಹುಡುಕಿಕೊಂಡು ಹೋಗುವವರಿದ್ದಾರೆ.

ಸುಲಭದ ನಡಿಗೆ, ಯಾರು ಬೇಕಾದರೂ ಬರಬಹುದು ಎಂದು ಆಯೋಜಕರು ಹಣ ಪಡೆದಿದ್ದರು. ಆ ದಾರಿ ಒಂದೇ ತೋಡನ್ನು ಎರಡು ಕಡೆ ದಾಟುತ್ತದೆ, ಎಲ್ಲಿಯೂ ಕಾಲುಸಂಕವಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಹಗ್ಗವಿರಲಿಲ್ಲ, ದಾರಿ ಬಲ್ಲ ಸ್ಥಳೀಯರಿರಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಆಗಿದೆ ಎಂದರೇ ಹೊರತು ಚೀಟಿ ಕೇಳಿದಾಗ ತೋರಿಸಲಿಲ್ಲ. ಕಾಡು ಶುರುವಾಗುವಲ್ಲಿ ಅಡಿಕೆ ತೋಟದ ಹಿರಿಯರೊಬ್ಬರು, "ಮೇಲೆ ಮೋಡ ಕಟ್ಟಿದೆ ಮಾರಾಯ್ರೆ, ಮಧ್ಯಾಹ್ನದ ಮೇಲೆ ತೋಡು ದಾಟ್ಲಿಕ್ಕೆ ಆಗುದಿಲ್ಲ" ಎಂದು ಸ್ಪಷ್ಟವಾಗಿಯೇ ಎಚ್ಚರಿಸಿದರು. ಆಯೋಜಕರು ನಕ್ಕು ಮುಂದೆ ನಡೆದರು.

ಹೋಗುವಾಗ ನೀರು ಪಾದ ಮುಳುಗುವಷ್ಟೇ ಇತ್ತು. ಅಬ್ಬಿಯ ಬಳಿ ಬಿಸಿಲಿತ್ತು. ಗುಡುಗು ಮಾತ್ರ ದೂರದಿಂದ ಕೇಳುತ್ತಿತ್ತು. ಫೋಟೋಗಳು ಮುಗಿಯುವ ಹೊತ್ತಿಗೆ ತರಗೆಲೆ, ಪುರುಳೆಗಳು ತೇಲಿ ಬರತೊಡಗಿದವು, ತಿಳಿಯಾಗಿದ್ದ ನೀರು ಕೆಂಪಾಯಿತು. ಅದನ್ನು ಮೊದಲು ಗಮನಿಸಿದವಳು ನನ್ನ ತಂಗಿಯ ಮಗಳು. ನಾವು ತೋಡಿನ ಬಳಿ ಬರುವಷ್ಟರಲ್ಲಿ ನೀರು ತೊಡೆಮಟ್ಟಕ್ಕೇರಿ, ತಳದ ಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಹಾಗಿದ್ದರೂ ಆಯೋಜಕರು, ಕತ್ತಲಾಗುವ ಮೊದಲು ವಾಹನ ತಲುಪಬೇಕೆಂದು, ಕೈ ಕೈ ಹಿಡಿದು ದಾಟಿ ಎಂದು ಒತ್ತಾಯಿಸಿದರು. ಮುಂದೆ ಇಳಿದ ಮಹಿಳೆ ಎರಡನೆಯ ಹೆಜ್ಜೆಗೇ ಜಾರಿದರು. ದಡದ ಮರದ ಬೇರು ಕೈಗೆ ಸಿಕ್ಕಿದ್ದರಿಂದ ಉಳಿದರು. ಅಷ್ಟರಲ್ಲಿ ಆಚೆ ದಡಕ್ಕೆ ಬಂದಿದ್ದ ಅದೇ ಹಿರಿಯರು, ಇಳಿಯಬೇಡಿ, ಎತ್ತರಕ್ಕೆ ಹತ್ತಿ ಕುಳಿತುಕೊಳ್ಳಿ ಎಂದು ಕೂಗಿದರು. ಕತ್ತಲಾದ ಮೇಲೆ ನೀರು ಇಳಿದಾಗ ಅವರೂ ಅವರ ಮಗನೂ ಹಗ್ಗ ಕಟ್ಟಿ, ಟಾರ್ಚು ಹಿಡಿದು ಒಬ್ಬೊಬ್ಬರನ್ನಾಗಿ ದಾಟಿಸಿದರು. ಅವರ ಋಣ ನಮ್ಮೆಲ್ಲರ ಮೇಲಿದೆ.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ನೆತ್ತಿಯಿಂದ ಕೆಳಗಿನ ಕಾಡಿಗೆ ಇಳಿಜಾರು ಬಹಳ ಕಡಿದಾಗಿರುವುದರಿಂದ, ಮೇಲೆ ಬಿದ್ದ ಮಳೆ ಅಲ್ಪ ಸಮಯದಲ್ಲೇ ಕೆಳಗಿನ ತೋಡುಗಳಿಗೆ ಬಂದು ಸೇರುತ್ತದೆ. ಮಳೆಗಾಲ ಮುಗಿಯಿತೆಂದು ಜನ ಹೊರಡುವ ಅಕ್ಟೋಬರಿನಲ್ಲೇ ಮಧ್ಯಾಹ್ನದ ಗುಡುಗು ಮಳೆ ಬರುವುದು; ನಿಂತ ಜಾಗದಲ್ಲಿ ಹನಿ ಬೀಳದಿದ್ದರೂ ನೀರು ಏರಬಹುದು. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಈಜು ಬರುತ್ತದೆ ಎಂಬ ಧೈರ್ಯವೂ ಅಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅಬ್ಬಿಯ ಕೆಳಗಿನ ನೊರೆನೀರಿನಲ್ಲಿ ಗಾಳಿಯೇ ತುಂಬಿರುವುದರಿಂದ ದೇಹ ತೇಲುವುದು ಕಷ್ಟ. ಇನ್ನು ಪಾಚಿಗಟ್ಟಿದ ಬಂಡೆಗಳ ವಿಷಯ ಹೇಳಬೇಕಾಗಿಯೇ ಇಲ್ಲ: 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ ದೃಶ್ಯವನ್ನು ನಾವೆಲ್ಲ ನೋಡಿದ್ದೇವೆ.

ಹಣ ಕೊಡುವ ಮೊದಲು ಅನುಮತಿಯ ಚೀಟಿ ನೋಡಿ. ದಾರಿಯಲ್ಲಿ ಎಷ್ಟು ಕಡೆ ನೀರು ದಾಟಬೇಕು, ಏರಿದರೆ ಬೇರೆ ದಾರಿ ಇದೆಯೇ, ಜೊತೆಗೆ ಬರುವ ಸ್ಥಳೀಯರು ಯಾರು ಎಂದು ಕೇಳಿ. ಕಾಡಿನೊಳಗೆ ಮೊಬೈಲಿಗೆ ಸಿಗ್ನಲ್ ಸಿಗದಿರುವುದರಿಂದ, ಇಂತಿಷ್ಟು ಹೊತ್ತಿಗೆ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕೆಂದು ಮನೆಯಲ್ಲಿ ಹೇಳಿ ಹೊರಡಿ. ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ಹೆಚ್ಚಿದರೆ, ಸದ್ದು ಜೋರಾದರೆ ಒಡನೆ ಎತ್ತರದ ಜಾಗಕ್ಕೆ ಹತ್ತಿ. ಸಣ್ಣ ತೋಡುಗಳು ಏರಿದಂತೆಯೇ, ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಹಸಿವು, ಚಳಿ, ಇಂಬಳಗಳ ಕಾಟ ಎಲ್ಲವನ್ನೂ ಸಹಿಸಿ ಕಾಯುವುದೇ ಸರಿ.

ಅದೇ ಆಯೋಜಕರು ಅದೇ ದಾರಿಗೆ, ಮಕ್ಕಳಿಗೆ ರಿಯಾಯಿತಿ ಎಂದು ಹೇಳಿ, ಮತ್ತೆ ಹೆಸರು ನೋಂದಾಯಿಸಿಕೊಳ್ಳುತ್ತಿದ್ದಾರೆ. ಪರಿಚಯದವರು ಯಾರಾದರೂ ಹೊರಟಿದ್ದರೆ ಇಂದೇ ತಿಳಿಸಿ.