ಗಾಳ, ಕೂಣಿ, ಬೀಸುಬಲೆ: ಘಟ್ಟದ ಮೇಲಿನ ಮೀನು, ಘಟ್ಟದ ಕೆಳಗಿನ ಮೀನು

ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಸಮುದ್ರ ಸೇರುವುದು ಕುಮಟಾ ತಾಲ್ಲೂಕಿನ ತದಡಿ ಹತ್ತಿರ. ನಡುವೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ನಮ್ಮ ಮನೆ ಇದ್ದದ್ದು ಜಲಪಾತಕ್ಕಿಂತ ಮೇಲಿನ ಹಳ್ಳಿಯಲ್ಲಿ. ಅಮ್ಮನ ತವರು ಕೆಳಗೆ, ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಗಜನಿ ಅನ್ನುವ ಉಪ್ಪು ನೀರಿನ ಗದ್ದೆಯ ಪಕ್ಕ. ಶಾಲೆ ಇದ್ದಾಗ ಮೇಲೆ, ರಜೆ ಬಿದ್ದ ಕೂಡಲೇ ದೇವಿಮನೆ ಘಟ್ಟ ಇಳಿದು ಅಜ್ಜಿ ಮನೆ. ಹಾಗಾಗಿ ಒಂದೇ ನದಿಯ ಎರಡು ತುದಿಯಲ್ಲೂ ಮೀನು ಹಿಡಿದು ಬೆಳೆದೆ.

ಎರಡೂ ಕಡೆಯ ನೆಂಟರು ಸೇರಿದಾಗ ಈಗಲೂ ಒಂದೇ ಜಗಳ. ಮೇಲಿನವರಿಗೆ ಹತ್ತುಮೀನಿನ, ಅಂದರೆ ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಮೀನಿನ, ಶಿಕಾರಿ ಬಿಟ್ಟರೆ ಬೇರೆ ಶಿಕಾರಿಯೇ ಇಲ್ಲ. ಕೆಳಗಿನವರು ನಗುತ್ತಾರೆ: 'ಅದು ಮೀನು ಹಿಡಿಯೂದಲ್ಲ, ಹೊಡೆಯೂದು.' ಎರಡನ್ನೂ ಮಾಡಿದವನು ನಾನೊಬ್ಬನೇ ಆದ್ದರಿಂದ ತೀರ್ಪು ಹೇಳು ಅಂತ ನನ್ನ ಕಡೆ ತಿರುಗುತ್ತಾರೆ. ಅದಕ್ಕೇ ಒಂದೊಂದಾಗಿ ಬರೆದುಬಿಡುತ್ತೇನೆ.

ಗಾಳದಿಂದ ಶುರು ಮಾಡೋಣ. ಎಲ್ಲರೂ ಮೊದಲು ಕೈಗೆ ತೆಗೆದುಕೊಳ್ಳುವುದು ಅದನ್ನೇ. ಘಟ್ಟದ ಮೇಲೆ ಗಾಳಕ್ಕೆ ವಾಟೆ ಬಿದಿರಿನ ಕೋಲು. ಹಗುರ, ಚೆನ್ನಾಗಿ ಬಾಗುತ್ತದೆ, ಕಾಡಂಚಿನಲ್ಲಿ ಬೇಕಾದಷ್ಟು ಸಿಗುತ್ತದೆ. ಬಚ್ಚಲ ನೀರು ಹರಿಯುವ ಕಡೆ ಅಗೆದರೆ ಎರೆಹುಳ. ಪೇಟೆಯಿಂದ ತರಬೇಕಾದದ್ದು ಗಾಳದ ಮುಳ್ಳು, ನೈಲಾನ್ ದಾರ ಎರಡೇ. ಬೇಸಿಗೆಯಲ್ಲಿ ಹಳ್ಳ ಹರಿಯುವುದು ನಿಂತು ಅಲ್ಲಲ್ಲಿ ಗುಂಡಿ ಉಳಿಯುತ್ತದಲ್ಲ, ಅಲ್ಲಿ ಕೂತರೆ ಬೆರಳುದ್ದದ ಮೀನು ಖಂಡಿತ. ದೊಡ್ಡದು ಬೇಕೆಂದರೆ ಕೊರವನಿಗೆ ಕಾಯಬೇಕು.

ಕೊರವನ ವಿಷಯ ಸ್ವಲ್ಪ ಹೇಳಲೇಬೇಕು. ಈ ಮೀನು ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ. ಬಂದಾಗ ನೀರು 'ಬುಳಕ್' ಅನ್ನುತ್ತದೆ, ಅದರಿಂದಲೇ ಜಾಗ ಗೊತ್ತಾಗುತ್ತದೆ. ಮರಿ ಮಾಡಿದ ಮೇಲೆ ತಾಯಿ ತಂದೆ ಕಾವಲು ಕಾಯುತ್ತವೆ. ಮರಿಗಳು ಗುಂಪುಗೂಡಿ ನೀರಿನ ಮೇಲೆ ಕೆಂಪಗೆ ತೇಲುತ್ತಿರುತ್ತವೆ. ಆ ಕೆಂಪು ಗುಂಪಿನ ಹತ್ತಿರ ಸಣ್ಣ ಕಪ್ಪೆ ಸಿಕ್ಕಿಸಿದ ಗಾಳ ಇಳಿಸಿದರೆ ಕಾವಲಿನ ಮೀನು ಸಿಟ್ಟಿನಿಂದ ಹಾರಿ ಕಚ್ಚುತ್ತದೆ. ಹಸಿವೆಯಿಂದಲ್ಲ, ಮರಿಗಳನ್ನು ಉಳಿಸಿಕೊಳ್ಳಲು. ನಮ್ಮೂರ ದೊಡ್ಡ ಹುಡುಗರು ಇದನ್ನೇ ಜಾಣತನ ಅನ್ನುತ್ತಿದ್ದರು. ನನಗೆ ಆಗಲೂ ಅದು ಇಷ್ಟವಾಗುತ್ತಿರಲಿಲ್ಲ. ಕಾವಲು ಹೋದ ಮೇಲೆ ಆ ಮರಿಗಳನ್ನು ಬೇರೆ ಮೀನುಗಳು ನುಂಗುತ್ತವೆ, ಮುಂದಿನ ವರ್ಷ ಆ ಗುಂಡಿ ಬರಿದು.

ಅದೇ ಗಾಳ ಅಳಿವೆಯಲ್ಲಿ ಬೇರೆಯೇ ಆಟ. ಅಲ್ಲಿ ಕೋಲು ಬೇಡ. ದಾರಕ್ಕೆ ಸೀಸದ ಗುಂಡು ಕಟ್ಟಿ ಕೈಯಿಂದಲೇ ಎಸೆಯುವುದು. ಎರೆಹುಳದ ಬದಲು ಶೆಟ್ಲಿ, ಅಂದರೆ ಸೀಗಡಿ. ಮರಳು ಇರುವ ಕಡೆ ನೋಗಲಿ ಮೀನು ಸಿಗುತ್ತದೆ. ಕಚ್ಚಿದ್ದು ಬೆರಳಿಗೆ ಗೊತ್ತಾಗಬೇಕು, ನೋಡಲು ಬೆಂಡು ಇರುವುದಿಲ್ಲ. ಮೇಲಿನ ಗಾಳ ಕಣ್ಣಿನ ಕೆಲಸ, ಕೆಳಗಿನ ಗಾಳ ಬೆರಳಿನ ಕೆಲಸ. ರುಚಿ, ಗಾತ್ರ ಎರಡರಲ್ಲೂ ಕೆಳಗಿನದೇ ಮೇಲು. ಆದರೆ ಒಂಬತ್ತು ಹತ್ತು ವರ್ಷದ ಹುಡುಗ ಯಾರ ಸಹಾಯವೂ ಇಲ್ಲದೆ ಹೋಗಿ ಬರಬಹುದಾದದ್ದು ಬೇಸಿಗೆಯ ಹಳ್ಳದ ಗುಂಡಿಗೆ ಮಾತ್ರ. ಅಳಿವೆಯ ಇಳಿತದ ಸೆಳೆತ ನೋಡಿದವರು ಮಕ್ಕಳನ್ನು ಒಂಟಿಯಾಗಿ ಬಿಡುವುದಿಲ್ಲ.

ಕೂಣಿ ಸೋಮಾರಿಗಳ ಉಪಾಯ ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಬಿದಿರಿನ ಕಡ್ಡಿ ಸೀಳಿ, ಬಳ್ಳಿಯಿಂದ ಹೆಣೆದ ಉದ್ದನೆಯ ಬುಟ್ಟಿ ಅದು. ಬಾಯಲ್ಲಿ ಒಳಮುಖವಾಗಿ ಚೂಪು ಕಡ್ಡಿಗಳಿರುತ್ತವೆ. ಒಳಗೆ ಹೋಗಲು ದಾರಿ ಕೊಡುತ್ತವೆ, ಹೊರಗೆ ಬರಲು ಬಿಡುವುದಿಲ್ಲ. ಮಳೆಗಾಲದಲ್ಲಿ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ನೀರು ಇಳಿಯುವ ಕಂಡಿಯಲ್ಲಿ ಸಂಜೆ ಇಟ್ಟು, ಅಕ್ಕಪಕ್ಕ ಮಣ್ಣು, ಸೊಪ್ಪು ತುಂಬಿ ಬಂದರೆ ಆಯಿತು. ಬೆಳಿಗ್ಗೆ ಎತ್ತಿದಾಗ ಒಳಗೆ ಮೀನು, ಏಡಿ, ಕೆಲವೊಮ್ಮೆ ನೀರುಹಾವು. ಕೈ ಹಾಕುವ ಮೊದಲು ನೆಲಕ್ಕೆ ಸುರಿದು ನೋಡಬೇಕು ಅನ್ನುವುದು ಮನೆಯ ಕಾನೂನು. ಮುಗುಡು ಮೀನಿನ ಮುಳ್ಳು ಚುಚ್ಚಿದರೂ ಸಾಕು, ಇಡೀ ದಿನ ಕೈ ಉರಿಯುತ್ತದೆ.

ಸೋಮಾರಿತನ ಅಂದರೂ ಕೂಣಿ ಇಡಲು ನೀರಿನ ಬುದ್ಧಿ ಗೊತ್ತಿರಬೇಕು. ಮೀನು ಹತ್ತುವ ಕಾಲದಲ್ಲಿ ಬಾಯಿ ಕೆಳಗಿನ ಕಡೆ, ಇಳಿಯುವ ಕಾಲದಲ್ಲಿ ಬಾಯಿ ಮೇಲಿನ ಕಡೆ. ಇದನ್ನು ಉಲ್ಟಾ ಮಾಡಿದರೆ ಬೆಳಿಗ್ಗೆ ಸಿಗುವುದು ಕಸ. ಗದ್ದೆ ನೀರು ಕಡಿಮೆಯಾಗುವಾಗ, ಅಂದರೆ ಮಳೆಗಾಲದ ಕೊನೆಗೆ ಇಟ್ಟ ಕೂಣಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಮೀನು ಮೊಟ್ಟೆ ಇಟ್ಟು ಮುಗಿಸಿರುತ್ತದೆ, ಗದ್ದೆಯಲ್ಲಿ ಮೇದು ದಪ್ಪಗೂ ಆಗಿರುತ್ತದೆ.

ಇನ್ನು ಹತ್ತುಮೀನು. ರೋಹಿಣಿ, ಮೃಗಶಿರದ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಉಕ್ಕುತ್ತದೆ. ಹೊಳೆಯ ಮೀನುಗಳು ಮೊಟ್ಟೆ ಇಡಲು ಹಳ್ಳ ಹತ್ತಿ, ಗದ್ದೆಗೆ ನುಗ್ಗುತ್ತವೆ. ಆ ಒಂದೆರಡು ರಾತ್ರಿ ಊರಿಗೆ ನಿದ್ದೆ ಇಲ್ಲ. ಕಂಬಳಿ ಕೊಪ್ಪೆ ಹೊದ್ದು, ಗ್ಯಾಸ್‌ಲೈಟ್ ಅಥವಾ ಬ್ಯಾಟರಿ ಹಿಡಿದು, ಇನ್ನೊಂದು ಕೈಯಲ್ಲಿ ಕತ್ತಿ. ಪಾದ ಮುಳುಗುವಷ್ಟು ನೀರಿನಲ್ಲಿ ಮೀನು ಬೆನ್ನು ತೋರಿಸುತ್ತಾ ಸರ್ರನೆ ಓಡುತ್ತದೆ. ಕತ್ತಿಯ ಬೆನ್ನಿನಿಂದ ಒಂದು ಏಟು. ಮಕ್ಕಳಾದ ನಮ್ಮ ಕೆಲಸ ಚೀಲ ಹಿಡಿಯುವುದು, ಬೆಳಕು ಹಿಡಿಯುವುದು, ಬೈಸಿಕೊಳ್ಳುವುದು. 'ಬೆಳಕು ಅಲ್ಲಾಡಿಸಬೇಡವೋ!' ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಕತ್ತಲೆ, ಮಳೆ, ಕೂಗಾಟ, ಕಾಲಿಗೆ ಬಡಿಯುವ ಮೀನು. ಮಜಾ ಅನ್ನುವುದಕ್ಕೆ ಅಂಕ ಕೊಡುವುದಾದರೆ ಇದಕ್ಕೆ ನೂರಕ್ಕೆ ನೂರು. ಅಳಿವೆಯಲ್ಲಿ ಇಂಥದ್ದು ಯಾವುದೂ ಇಲ್ಲ.

ಆದರೆ ಅಡುಗೆ ಮನೆಯಲ್ಲಿ ಮೀನು ಸೀಳಿದಾಗ ಹೊಟ್ಟೆ ತುಂಬ ಮೊಟ್ಟೆ. ಒಂದು ಮೀನಿನಲ್ಲಿ ಮುಂದಿನ ವರ್ಷದ ಎಷ್ಟು ಮೀನು! ಆಗ ಅದನ್ನು ಹುರಿದು ತಿನ್ನಲು ಜಗಳ ಆಡುತ್ತಿದ್ದೆವು, ಸುಳ್ಳು ಹೇಳುವುದಿಲ್ಲ. ಆಗ ಹತ್ತುವ ಮೀನೂ ಜಾಸ್ತಿ ಇತ್ತು, ಹೊಡೆಯುವವರು ಆ ಕೇರಿಯವರು ಮಾತ್ರ. ಈಗ ಬೈಕಿನಲ್ಲಿ ಹತ್ತಾರು ಊರಿನವರು ಬರುತ್ತಾರೆ, ತಲೆಗೊಂದು ಎಲ್‌ಇಡಿ ಲೈಟು. ಅದಕ್ಕೇ ಈ ಹೋಲಿಕೆಯಲ್ಲಿ ಮಜಾಕ್ಕೆ ಮೊದಲ ಸ್ಥಾನ ಪಡೆದ ಹತ್ತುಮೀನಿಗೆ ಒಟ್ಟು ಲೆಕ್ಕದಲ್ಲಿ ಕೊನೆಯ ಸ್ಥಾನ. ನೆಂಟರು ಇದಕ್ಕೆ ಮುಖ ಊದಿಸಿಕೊಳ್ಳುತ್ತಾರೆ, ಊದಿಸಿಕೊಳ್ಳಲಿ.

ಕೊನೆಯ ಸ್ಥಾನ ಅಂದೆ, ಅದಕ್ಕಿಂತ ಕೆಳಗಿನವೂ ಇದ್ದವು. ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನಿಗೆ ಮತ್ತು ಬರಿಸುವುದು, ಸಿಡಿಮದ್ದಿನ ತೋಟೆ ಹೊಡೆಯುವುದು, ಆಮೇಲಾಮೇಲೆ ಬ್ಲೀಚಿಂಗ್ ಪೌಡರ್. ಅವನ್ನು ಇದರ ಜೊತೆ ಹೋಲಿಸುವ ಮಾತೇ ಇಲ್ಲ.

ಈಗ ಘಟ್ಟ ಇಳಿಯೋಣ. ಮೇಲೆ ಮೀನಿಗೆ ಗಡಿಯಾರ ಮಳೆ. ಕೆಳಗೆ ಚಂದ್ರ. ದಿನಕ್ಕೆ ಎರಡು ಭರತ ಅಂದರೆ ಉಬ್ಬರ, ಎರಡು ಇಳಿತ, ಮರುದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ, ಅತಿ ಹೆಚ್ಚು ಇಳಿಯುತ್ತದೆ. ಅಜ್ಜಿ ಮನೆಯ ಮಾವ ಕ್ಯಾಲೆಂಡರ್ ನೋಡುತ್ತಿದ್ದದ್ದು ತಾರೀಖಿಗಲ್ಲ, ತಿಥಿಗೆ. ಬೀಸುಬಲೆ ಕಲಿಸು ಅಂತ ನಾನು ಹಿಂದೆ ಬಿದ್ದಾಗ ಅವರು ಹೇಳಿದ್ದು ಇಷ್ಟೇ: 'ಮೊದಲು ನೀರ್ ನೋಡೂಕೆ ಕಲಿಯಾ, ಬಲೆ ಆಮೇಲೆ.'

ಬಲೆ ಬೀಸುವುದು ನೋಡಲು ಸುಲಭ. ಒಂದು ಭಾಗ ಮೊಣಕೈ ಮೇಲೆ, ಒಂದು ಭಾಗ ಬಲಗೈಯಲ್ಲಿ, ಹಗ್ಗದ ತುದಿ ಮಣಿಕಟ್ಟಿಗೆ. ಸೊಂಟ ತಿರುಗಿಸಿ ಬಿಟ್ಟಾಗ ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿ, ಅಂಚಿನ ಸೀಸದ ಗುಂಡುಗಳೆಲ್ಲ ಒಟ್ಟಿಗೆ ನೀರಿಗೆ ಬೀಳಬೇಕು. ನನ್ನದು ಬಹಳ ದಿನ ಒದ್ದೆ ಪಂಚೆ ಎಸೆದ ಹಾಗೆ ಬೀಳುತ್ತಿತ್ತು. ಅಂಗಳದಲ್ಲಿ ಒಣ ನೆಲದ ಮೇಲೆ ಬೀಸಿ ಬೀಸಿ ತೋಳು ಸೋತ ಮೇಲೆ ಒಂದು ದಿನ ತಾನಾಗಿ ಬಿಚ್ಚಿಕೊಂಡಿತು. ಶೇವಟೆ ಮೀನಿನ ಗುಂಪಿನ ಮೇಲೆ ಸರಿಯಾಗಿ ಬಿದ್ದರೆ ಒಂದೇ ಬೀಸಿಗೆ ಸಾರಿಗಾಗುವಷ್ಟು ಮೀನು. ಆದರೆ ಶೇವಟೆ ಚುರುಕು. ನೆರಳು ಬಿದ್ದರೂ ಸಾಕು, ಹಾರಿ ಹೋಗುತ್ತದೆ. ಸೂರ್ಯ ಎದುರಿಗಿರುವಂತೆ ನಿಲ್ಲಬೇಕು ಅನ್ನುವುದು ಅದಕ್ಕೇ. ನೀರಿನಲ್ಲೇ ಬೇರು ಬಿಡುವ ಕಾಂಡ್ಲಾ ಗಿಡಗಳ ಹತ್ತಿರವಂತೂ ಬೀಸಲೇಬಾರದು. ಬೇರಿಗೆ ಸಿಕ್ಕಿದ ಬಲೆ ಬಿಡಿಸುವುದರಲ್ಲಿ ಇಳಿತವೇ ಮುಗಿದುಹೋಗುತ್ತದೆ.

ಗಜನಿಯ ಮೀನುಗಾರಿಕೆ ಕೂಣಿಯ ದೊಡ್ಡಣ್ಣ. ಗಜನಿ ಅಂದರೆ ಅಳಿವೆ ಪಕ್ಕದ ಉಪ್ಪು ನೀರಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಕಗ್ಗ ಭತ್ತ. ಉಪ್ಪು ತಡೆದುಕೊಳ್ಳುವ ತಳಿ ಅದು, ಮಾಣಿಕಟ್ಟಾದ ಕಡೆ ಇನ್ನೂ ಬೆಳೆಯುತ್ತಾರೆ. ತೆನೆ ಕೊಯ್ದ ಮೇಲೆ ಹುಲ್ಲು ಅಲ್ಲೇ ಬಿಟ್ಟು, ಒಡ್ಡಿನ ಹಲಗೆ ಬಾಗಿಲು ತೆಗೆದು ಉಪ್ಪು ನೀರು ಒಳಗೆ ಬಿಡುತ್ತಾರೆ. ಕೊಳೆತ ಹುಲ್ಲಿನಲ್ಲಿ ಶೆಟ್ಲಿ, ಮೀನು ಬೆಳೆಯುತ್ತವೆ. ಇಳಿತದ ರಾತ್ರಿ ಬಾಗಿಲಿಗೆ ಚೀಲದಂಥ ಬಲೆ ಕಟ್ಟಿ ಹಲಗೆ ಎತ್ತಿದರೆ ನೀರಿನ ಜೊತೆ ಶೆಟ್ಲಿ ಬಂದು ಬೀಳುತ್ತದೆ. ಕೂಣಿಯಂತೆ ಇಲ್ಲೂ ನೀರೇ ಕೆಲಸ ಮಾಡುತ್ತದೆ. ಆದರೆ ಕೂಣಿ ಒಬ್ಬನದು, ಗಜನಿ ಊರಿನದು. ಬಾಗಿಲು ಯಾವಾಗ ತೆಗೆಯಬೇಕು ಅಂತ ಗುತ್ತಿಗೆ ಹಿಡಿದವರು ಹೇಳಬೇಕು. ಮಕ್ಕಳಿಗೆ ಅಲ್ಲಿ ನೋಡುವುದಷ್ಟೇ ಕೆಲಸ. ನಮ್ಮ ಸರದಿ ಬರುತ್ತಿದ್ದದ್ದು ಬೇಸಿಗೆ ಕೊನೆಗೆ, ಗುತ್ತಿಗೆ ಮುಗಿದು ನೀರು ಖಾಲಿ ಮಾಡಿದಾಗ. ಊರಿಗೆ ಊರೇ ಕೆಸರಿಗೆ ಇಳಿಯುತ್ತಿತ್ತು. ಹೆಂಗಸರು, ಮಕ್ಕಳು, ಮುದುಕರು, ಎಲ್ಲರ ಕೈಯಲ್ಲೂ ಬುಟ್ಟಿ. ಹತ್ತುಮೀನಿನ ಗದ್ದಲಕ್ಕೆ ಕೆಳಗಿನ ಉತ್ತರ ಏನಾದರೂ ಇದ್ದರೆ ಅದು ಇದೇ.

ಬಳಚು ಅನ್ನುವ ಚಿಪ್ಪುಮೀನು ಆರಿಸುವುದನ್ನು ಗಂಡು ಹುಡುಗರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಳಿತದಲ್ಲಿ ಮರಳು ದಿಬ್ಬ ತೇಲಿದಾಗ ಅಜ್ಜಿ, ಚಿಕ್ಕಮ್ಮ ಕಾಲಿನಿಂದಲೇ ತಡಕಿ ಚಿಪ್ಪು ಹುಡುಕುತ್ತಿದ್ದರು. ಬಲೆ ಖಾಲಿ ಬಂದ ದಿನವೂ ಮನೆಯಲ್ಲಿ ಸಾರು ಆಗುತ್ತಿದ್ದದ್ದು ಅವರಿಂದ. ನಂಬಿಕೆಗೆ ಅಂಕ ಕೊಡುವುದಾದರೆ ಬಳಚಿಗೇ ಕೊಡಬೇಕು.

ಕಾರವಾರದ ಕಡೆಯ ನೆಂಟರ ಮನೆಗೆ ಹೋದಾಗ ಏಂಡಿ ಬಲೆ ಎಳೆದದ್ದೂ ಉಂಟು. ದಡದಿಂದ ದೋಣಿಯಲ್ಲಿ ಬಲೆ ಅರ್ಧ ಸುತ್ತು ಬಿಟ್ಟು, ಎರಡು ತುದಿಯ ಹಗ್ಗ ಹಿಡಿದು ಜನ ಎಳೆಯುವುದು. ಇದೇ ಬಗೆಯ ದೊಡ್ಡ ಬಲೆಯಾದ ರಂಪಣಿಯ ಕಾಲ 1970ರ ದಶಕದಲ್ಲಿ ಮೀನಿನ ಗುಂಪನ್ನೇ ಸುತ್ತುವರಿಯುವ ಬಲೆಯ ಪರ್ಸೀನ್ ದೋಣಿಗಳು ಬಂದ ಮೇಲೆ ಮುಗಿಯಿತು, ನಾನು ಕಂಡದ್ದು ಅದರ ಚಿಕ್ಕ ರೂಪ. ಹಗ್ಗಕ್ಕೆ ಕೈ ಹಚ್ಚಿದ ಹುಡುಗನಿಗೂ ಒಂದು ಹಿಡಿ ತಾರ್ಲೆ ಮೀನು ಪಾಲು. ಕೌಶಲ ಏನೂ ಬೇಡ, ಅಂಗೈ ಗಟ್ಟಿ ಇದ್ದರೆ ಸಾಕು.

ಕಾಡಿನ ಬೇಟೆಯನ್ನೂ ಈ ಸಾಲಿಗೆ ಸೇರಿಸು ಅನ್ನುತ್ತಾರೆ ಮೇಲಿನವರು. ಹಂದಿ ಗದ್ದೆಗೆ ನುಗ್ಗುವ ಕಾಲದಲ್ಲಿ ಪ್ರಾಣಿಯನ್ನು ಅಟ್ಟುವ ಸೋವು ಹೊರಡುತ್ತಿತ್ತು. ನಾಯಿಗಳು, ಡಬ್ಬ ಬಡಿಯುವವರು, ಕಂಡಿಯಲ್ಲಿ ಕೋವಿ ಹಿಡಿದು ಕೂತ ಹಿರಿಯರು. ವನ್ಯಜೀವಿ ಸಂರಕ್ಷಣೆಯ ಕಾನೂನು 1972ರಲ್ಲೇ ಬಂದಿತ್ತು, ನಮ್ಮ ಹಳ್ಳಿಗೆ ಅದು ತಲುಪಿದ್ದು ತುಂಬ ತಡವಾಗಿ. ಡಬ್ಬ ಬಡಿದು ಗಂಟಲು ಹರಿಯುವಂತೆ ಕೂಗಿದ್ದು ಬಿಟ್ಟರೆ ನನಗೆ ಅದರಲ್ಲಿ ಪಾಲಿಲ್ಲ. ನೆನಪಿರುವುದು ಮಾಂಸ ಹಂಚುವ ರೀತಿ. ನಾಯಿ ತಂದವನಿಗೆ ನಾಯಿ ಲೆಕ್ಕದಲ್ಲಿ ಇನ್ನೊಂದು ಪಾಲು ಇರುತ್ತಿತ್ತು. ಆದರೆ ಹುಡುಗನಿಗೆ ಕಲಿಯಲು ಅಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಮುಳ್ಳು, ಇಂಬಳ, ಬಹಳ ಸಲ ಬರಿಗೈ. ಮೀನಿಗೆ ಹೋಲಿಸಿದರೆ ಅದು ದೊಡ್ಡವರ ದೊಡ್ಡಸ್ತಿಕೆಯ ಆಟ. ಈಗ ಅದು ಅಪರಾಧ, ಹಾಗೇ ಇರಲಿ.

ಹಾಗಾದರೆ ತೀರ್ಪು? ನನ್ನ ಕೈಗೆ ಬೀಸುಬಲೆಯೇ ಸೈ. ಕಲಿಯಲು ಕಷ್ಟ, ಕಲಿತ ಮೇಲೆ ಮರೆಯುವುದಿಲ್ಲ. ಕಣ್ಣು ದುರ್ಬಿನಾಗಬೇಕು, ಹೆಜ್ಜೆ ಸದ್ದಾಗಬಾರದು. ಸಣ್ಣ ಮೀನು ಬಂದರೆ ಜೀವಂತ ವಾಪಸ್ ಬಿಡಬಹುದು. ಗಾಳಕ್ಕೆ ಸಿಕ್ಕು ಬಾಯಿ ಹರಿದ ಮೀನಿಗೆ ಆ ಅವಕಾಶ ಕಡಿಮೆ. ಹೊಸದಾಗಿ ಶುರು ಮಾಡುವ ಮಕ್ಕಳಿಗೆ ಮಾತ್ರ ಹಳ್ಳದ ಗುಂಡಿ, ವಾಟೆ ಕೋಲು. ಎರಡನೇ ಸ್ಥಾನ ಕೂಣಿಗೆ, ಮಳೆಗಾಲದ ಕೊನೆಯಲ್ಲಿ ಇಡುವುದಾದರೆ.

ತಂಗಿಯ ಮಗ ಈ ಸಲ ಬೆಂಗಳೂರಿನಿಂದ ಜೂನ್ ತಿಂಗಳಲ್ಲೇ ಬರುತ್ತೇನೆ, ಹತ್ತುಮೀನಿಗೆ ಕರೆದುಕೊಂಡು ಹೋಗು ಅಂದಿದ್ದಾನೆ. ದಸರಾ ರಜೆಗೆ ಬಾ, ಅಮಾವಾಸ್ಯೆ ನೋಡಿಕೊಂಡು ಕುಮಟಾಕ್ಕೆ ಹೋಗೋಣ ಅಂತ ಹೇಳಿದ್ದೇನೆ. ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು ಅನ್ನುವುದು ಅವನಿಗೆ ಶಾಲೆಯಲ್ಲಿ ಗೊತ್ತಾಗಿದೆಯಂತೆ. ಅಳಿವೆ ಎಲ್ಲಿದೆ ಅಂತ ಗೊತ್ತಿಲ್ಲ. ಇನ್ನು ಸಾರಿಗೆ ಹುಳಿ ಯಾವುದು ಅನ್ನುವ ಜಗಳ ಬಾಕಿ ಇದೆ. ಮೇಲಿನವರು ಉಪ್ಪಾಗೆ ಅನ್ನುತ್ತಾರೆ, ಕೆಳಗಿನವರು ಮುರುಗಲು. ಹೊಳೆ ಮೀನಿಗೆ ಉಪ್ಪಾಗೆ, ಬಂಗಡೆಗೆ ಮುರುಗಲಿನ ಜೊತೆ ಜುಮ್ಮನಕಾಯಿ ಅನ್ನುವ ಮಸಾಲೆ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.